ಸ್ಟೆಪ್ನಿಯ ಕೆಳಗಿನ ಮೂರು ಚುಕ್ಕೆ

ಆ ಕಾರು ಗಟ್ಟಿ ಉಂಟು ಎಂದು ನಾನು ನಿಮಗೆ ಹೇಳಿದ್ದು ಸುಳ್ಳು.

ಗೊತ್ತಾಗದೆ ಆಡಿದ ಮಾತಲ್ಲ. ನೋಡಿ, ಮುಟ್ಟಿ, ಬೆರಳಿನಿಂದ ತಡವಿ ಖಾತ್ರಿ ಮಾಡಿಕೊಂಡ ಮೇಲೆ ಹೇಳಿದ ಸುಳ್ಳು. ನೀವು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಿರಿ. ನಾನು ಸೆರಗಿನಿಂದ ಕೈ ಒರೆಸಿಕೊಂಡು, "ಗಟ್ಟಿ ಉಂಟು, ತಗೊಳ್ಳಿ" ಎಂದೆ. ಅಷ್ಟೇ. ಆ ಕ್ಷಣದಿಂದ ಒಂದು ಹೆದರಿಕೆ ನನ್ನನ್ನು ಹಿಡಿಯಿತು. ನೀವು ಹೋದ ಮೇಲಾದರೂ ಬಿಟ್ಟೀತು ಎಂದುಕೊಂಡಿದ್ದೆ — ಬಿಡಲಿಲ್ಲ. ಈಗ ಅದು ನಮ್ಮ ಸ್ನೇಹಾಳ ಹಿಂದೆ ಬಿದ್ದಿದೆ, ಅವಳ ಮಗು ಅನ್ವಿಯ ಹಿಂದೆ.

ನಿಮ್ಮ ವರ್ಷಾಂತದ ಕಾರ್ಯಕ್ಕೆ ಎಲ್ಲರೂ ಕಾರ್ಕಳಕ್ಕೆ ಹೋಗುವುದೆಂದು ನಿಶ್ಚಯವಾಗಿದೆ. ರೈಲಿನಲ್ಲಿ ಅಲ್ಲ, ನಿಮ್ಮ ಕಾರಿನಲ್ಲಿ. ಫೋನಿನಲ್ಲಿ ಸ್ನೇಹಾ ಹೇಳಿದಳು: "ಅಮ್ಮ, ಪಪ್ಪನ ಗಾಡಿಯಲ್ಲೇ ಹೋಗುವ. ಊರಿನವರೆಗೆ ಡ್ರೈವ್ ಮಾಡ್ಬೇಕಂತ ಪಪ್ಪನಿಗೆ ಎಷ್ಟು ಆಸೆ ಇತ್ತು, ನಿನಗೆ ಗೊತ್ತಲ್ಲ. ಪಪ್ಪ ಮಾಡದ್ದನ್ನು ನಾನು ಮಾಡ್ತೇನೆ. ನೀನು ಮತ್ತೆ ಅನ್ವಿ ಹಿಂದೆ ಆರಾಮಾಗಿ ಕೂತ್ಕೊಳ್ಳಿ."

ಆರಾಮಾಗಿ. ಹಿಂದೆ.

ನಾನು ಹ್ಞೂಂ ಎಂದೆ. ಆಮೇಲೆ ಫೋನು ಹಿಡಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಆ ಹಿಂದಿನ ಸೀಟಿನ ಕೆಳಗೆ ಏನಿದೆ ಎಂದು ಗೊತ್ತಿರುವ ಜೀವ ಈ ಭೂಮಿಯ ಮೇಲೆ ನಾನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಹೇಳಿಕೊಂಡರೆ ಅವಳಿಗೆ ಹೇಳುವ ಧೈರ್ಯ ಬರಬಹುದೆಂಬ ಆಸೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅದು ನನಗೆ ಗೊತ್ತು. ಅಂದರೆ ಇಲ್ಲಿ ಎಷ್ಟು ಬರೆದರೂ ಹೇಳಿದಂತೆ ಆಗುವುದಿಲ್ಲ — ಅದೂ ಗೊತ್ತು.

ನಿಮಗೆ ನೆನಪಿದೆಯೇ, ಎದೆಯ ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನೀವು ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕೆಲಸದ ಕಾಲದಲ್ಲೆಲ್ಲ ಕಂಪನಿ ಬಸ್ಸಿನ ಅದೇ ಎಡಗಡೆಯ ಸೀಟಿನಲ್ಲಿ ಕೂತು ರಿಫೈನರಿಗೆ ಹೋಗಿಬಂದವರು. ಕಿಟಕಿಯ ಹೊರಗೆ ನೋಡುವುದು ನಿಮಗೆ ಹೊಸತಲ್ಲ. ಆದರೆ ಬಸ್ಸು ಚಲಿಸುತ್ತಿತ್ತು. ಈ ಕಿಟಕಿ ಚಲಿಸಲಿಲ್ಲ. ಎದುರಿನ ಬಿಲ್ಡಿಂಗಿನ ಒಣಹಾಕಿದ ಬಟ್ಟೆ, ಪಾರಿವಾಳ, ನೀರಿನ ಟ್ಯಾಂಕರು. ನಾನು ಊಟದ ತಟ್ಟೆ ಇಟ್ಟರೆ ಕೈ ತೊಳೆದು ಬಂದು ತಿನ್ನುತ್ತಿದ್ದಿರಿ, ಯಾವ ಪಲ್ಯ ಎಂದು ಕೂಡ ಕೇಳುತ್ತಿರಲಿಲ್ಲ. ನನಗೆ ಅದೇ ಹೆದರಿಕೆ. ಜಗಳವಾಡುವ ಗಂಡಸು ಬದುಕುತ್ತಾನೆ, ಪಲ್ಯ ಯಾವುದೆಂದು ಕೇಳದವನು —

ಆಗ ಸ್ನೇಹಾ ಒಂದು ಫೋಟೋ ಕಳಿಸಿದಳು. ಗೋರೆಗಾಂವಿನ ಅವಳ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಮಾರಲು ಹಾಕಿದ ಕಾರು. ಗಿಡ್ಡ, ಅಗಲ, ಮೆಣಸಿನಕಾಯಿ ಕೆಂಪು, ಬೆನ್ನಿಗೆ ಸಣ್ಣದೊಂದು ರೆಕ್ಕೆ. ಸ್ನೇಹಾ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅಂಥದ್ದೇ ಒಂದನ್ನು ಶೋರೂಮಿನ ಗಾಜಿನಾಚೆ ನೋಡುತ್ತ ನೀವು ನಿಂತುಬಿಟ್ಟಿದ್ದಿರಿ. ಕಂಪನಿ ಅದನ್ನು ಬಹಳ ವರ್ಷ ಮಾಡಲಿಲ್ಲ. ಜನರಿಗೆ ಡಿಕ್ಕಿಯಲ್ಲಿ ಜಾಗ ಬೇಕು, ಮೈಲೇಜು ಬೇಕು; ಓಡುವ ಕಾರು ಯಾರಿಗೆ ಬೇಕು? ನಿಮಗೆ ಬೇಕಿತ್ತು.

"ಈ ಪ್ರಾಯದಲ್ಲಿ ಎಂಥ ರೇಸಿನ ಕಾರು?" ಎಂದೆ.

"ಈ ಪ್ರಾಯದಲ್ಲಿ ಅಲ್ಲದೆ ಇನ್ನು ಯಾವ ಪ್ರಾಯದಲ್ಲಿ ಮಾರಾಯ್ತಿ? ಮುಂದಿನದ್ದು ಆಂಬುಲೆನ್ಸೇ" ಎಂದಿರಿ. ತಿಂಗಳುಗಳ ನಂತರ ನೀವು ನಕ್ಕದ್ದು ಅಂದು.

ಆಮೇಲೆ ನಿಮ್ಮ ಓದು ಶುರುವಾಯಿತು. ಹಳೆಯ ಕಾರು ನೋಡುವುದು ಹೇಗೆ ಎಂಬ ವೀಡಿಯೋಗಳು. ಬೆಳಗ್ಗೆ ಟೀ ಕುಡಿಯುವಾಗ ನನಗೆ ಪಾಠ: ನಾವು ಹೋಗುವ ಮುಂಚೆ ಅವನು ಇಂಜಿನ್ ಬಿಸಿ ಮಾಡಿರಬಾರದು, ಬಾನೆಟ್ ಮುಟ್ಟಿ ನೋಡಬೇಕು. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯ ಹಾಗೆ ನೊರೆ ಇದ್ದರೆ ಬೇಡ. ಹೊಗೆ ನೀಲಿ ಇದ್ದರೆ ಬೇಡ. ಇಂಥ ಕಾರುಗಳನ್ನು ಹುಡುಗರು ಬಡಿದಾಡಿಸಿ ಓಡಿಸಿರುತ್ತಾರೆ, ಎರಡನೇ ಗೇರು ಮೊದಲು ಸಾಯುತ್ತದೆ. ಎಲ್ಲ ಹೇಳಿ ಕೊನೆಗೆ, "ಬಾಡಿ ನೋಡುವುದು ಮಾತ್ರ ನೀನು. ಮಾವನ ಕಣ್ಣು ನಿನ್ನ ಹತ್ತಿರ ಉಂಟು" ಎಂದಿರಿ.

ಮಾವ. ನನ್ನ ಅಪ್ಪ.

ನಮ್ಮದು ಆಚಾರಿಗಳ ಮನೆತನ. ನಿಮ್ಮವರು ಚಿನ್ನದ ಕೆಲಸದವರು, ನಮ್ಮ ಅಜ್ಜ ಕಂಚಿನ ಕೆಲಸದವರು. ಅಪ್ಪ ಮುಂಬಯಿಗೆ ಬಂದು ಕುರ್ಲಾದ ಗ್ಯಾರೇಜು ಸಾಲಿನಲ್ಲಿ ಡೆಂಟರ್ ಆದರು — ಗುದ್ದಿಸಿಕೊಂಡು ಬಂದ ಕಾರುಗಳ ತಗಡನ್ನು ಬಡಿದು ನೇರ ಮಾಡುವ ಕೆಲಸ. ನಾನು ಹುಟ್ಟಿ ಬೆಳೆದದ್ದು ಆ ಗ್ಯಾರೇಜಿನ ಹಿಂದಿನ ಚಾಳಿನಲ್ಲಿ, ಸುತ್ತಿಗೆಯ ಸದ್ದಿನಲ್ಲಿ. ಮದುವೆಯಾಗಿ ಬಂದ ಹೊಸತರಲ್ಲಿ ನಿಮ್ಮ ಅಮ್ಮ ಬಂದವರ ಮುಂದೆ "ಡಬ್ಬ ಬಡಿಯುವವರ ಮಗಳು" ಎಂದು ನಗುತ್ತಿದ್ದರು. ಆ ಅವಮಾನ ತಾಳಲಾರದೆ ಒಂದು ದಿನ ನಿಮಗೆ ಆ ಕತೆ ಹೇಳಿದೆ. ನಾನು ಕಣ್ಣಾರೆ ಕಂಡದ್ದು. ಒಬ್ಬ ದಲ್ಲಾಳಿ ಅಪಘಾತದ ಎರಡು ಕಾರುಗಳನ್ನು ತಂದಿದ್ದ. ಒಂದರ ಮುಂಭಾಗ ಚೆನ್ನಾಗಿತ್ತು, ಇನ್ನೊಂದರ ಹಿಂಭಾಗ. "ಎರಡನ್ನೂ ಕೊಯ್ದು ಒಂದು ಮಾಡಿಕೊಡು" ಎಂದ. ಅಪ್ಪ ಸುತ್ತಿಗೆಯನ್ನು ನೆಲಕ್ಕೆ ಬಿಟ್ಟು, "ನನ್ನ ಹೆಂಡತಿ ಮಕ್ಕಳನ್ನು ಕೂರಿಸಲಾರದ ಗಾಡಿಯನ್ನು ಬೇರೆಯವರ ಹೆಂಡತಿ ಮಕ್ಕಳಿಗೆ ಮಾಡಿಕೊಡಲಾರೆ, ನಡಿ" ಎಂದು ಅವನನ್ನು ಅಟ್ಟಿದರು.

ಆ ಕತೆ ನನಗಿಂತ ಹೆಚ್ಚು ನಿಮ್ಮದಾಯಿತು. ಮದುವೆಮನೆಯ ಊಟದ ಪಂಕ್ತಿಯಲ್ಲಿ, ಕಂಪನಿ ಬಸ್ಸಿನಲ್ಲಿ, ಅಳಿಯ ಮೊದಲ ಸಲ ಮನೆಗೆ ಬಂದಾಗ — ಎಲ್ಲ ಕಡೆ ಹೇಳಿದಿರಿ. ನಿಮ್ಮ ಅಮ್ಮನ ಎದುರು ಬೇಕೆಂದೇ ದೊಡ್ಡ ದನಿಯಲ್ಲಿ ಹೇಳಿದಿರಿ. ಅಪ್ಪ ತೀರಿಕೊಂಡ ದಿನ ಶವದ ಪಕ್ಕ ಕೂತು ಕೂಡ ಹೇಳಿದಿರಿ. ನನ್ನ ತವರಿಗೆ ನೀವು ಕೊಟ್ಟ ಮರ್ಯಾದೆ ಆ ಒಂದು ಕತೆಯ ಮೇಲೆ ನಿಂತಿತ್ತು. ನಾನೂ ಅದರ ಮೇಲೇ ನಿಂತಿದ್ದೆ.

ಗೋರೆಗಾಂವಿಗೆ ಹೋದ ದಿನ ನೀವು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಿರಿ, ಹೆಣ್ಣು ನೋಡಲು ಹೋಗುವವರ ಹಾಗೆ. ಕಾರಿನವ ಒಬ್ಬ ಯುವಕ, ಸೀರಿಯಲ್ಲುಗಳಿಗೆ ಎಡಿಟಿಂಗ್ ಮಾಡುವವನು. ಅವನ ಕೈಗೆ ಬರುವ ಮುಂಚೆ ಅದು ಎರಡೋ ಮೂರೋ ಕೈ ದಾಟಿತ್ತು. "ಅಂಕಲ್, ಗಾಡಿ ಮಖ್ಖನ್ ಹೈ, ಮಖ್ಖನ್" ಎಂದ. ಬೆಣ್ಣೆಯಂಥ ಗಾಡಿಯಂತೆ. ನೀವು ಎದೆ ಮುಟ್ಟಿಕೊಂಡು, "ಮಖ್ಖನ್ ಡಾಕ್ಟರ್ ನೇ ಮನಾ ಕಿಯಾ ಹೈ ಬೇಟಾ" ಎಂದಿರಿ, ಬೆಣ್ಣೆ ಬೇಡವೆಂದು ಡಾಕ್ಟರು ಹೇಳಿದ್ದಾರೆಂದು. ಮೂವರೂ ನಕ್ಕೆವು. ನಾನೂ ನಕ್ಕಿದ್ದೆ, ನೆನಪಿದೆ. ಅದೇ ಕೊನೆ.

ನೀವು ಬಾನೆಟ್ ಮುಟ್ಟಿದಿರಿ, ತಣ್ಣಗಿತ್ತು. ಮುಚ್ಚಳ ತೆಗೆದು ನೋಡಿದಿರಿ, ನೊರೆ ಇಲ್ಲ. ಹೊಗೆಯ ಕೊಳವೆಗೆ ಬಿಳಿ ಕರ್ಚೀಫು ಹಿಡಿದಿರಿ. ಇಂಜಿನ್ನಿನ ಸದ್ದು ಕೇಳಿದಾಗ ನಿಮ್ಮ ಮುಖ — ಆ ಮುಖವನ್ನು ನಾನು ಇಲ್ಲಿ ಬರೆಯಲಾರೆ. ಆ ಹುಡುಗನ ಜೊತೆ ಒಂದು ಸುತ್ತು ಓಡಿಸಿಕೊಂಡು ಬಂದು, "ಎರಡನೇ ಗೇರು ಸ್ವಲ್ಪ ಮುನಿಸಿಕೊಂಡಿದೆ, ಪರವಾಗಿಲ್ಲ, ಮನೆಯಲ್ಲಿ ಅಭ್ಯಾಸ ಉಂಟು" ಎಂದು ನನ್ನ ಕಡೆ ನೋಡಿದಿರಿ.

ನೀವು ಓಡಿಸಲು ಹೋಗುವ ಮೊದಲೇ ಹಿಂದಿನ ಚಕ್ರ ನನ್ನ ಕಣ್ಣಿಗೆ ಬಿದ್ದಿತ್ತು. ಟಯರು ಒಳಬದಿಗೆ ಮಾತ್ರ ಸವೆದಿತ್ತು. ಚಕ್ರ ನೇರ ನಿಲ್ಲದ ಗಾಡಿಯ ಟಯರು ಹಾಗೆ ಸವೆಯುತ್ತದೆ. ಆಮೇಲೆ ಅಪ್ಪ ಮಾಡುತ್ತಿದ್ದಂತೆ ಬೆರಳ ಗಂಟಿನಿಂದ ತಗಡನ್ನು ತಟ್ಟುತ್ತ ಹೋದೆ. ಮುಂದಿನ ಬಾಗಿಲು ಕಣಕಣ ಎಂದಿತು. ಹಿಂಬಾಗಿಲು ದಾಟಿದ ಮೇಲೆ ಸದ್ದು ಸತ್ತುಹೋಯಿತು. ಸ್ನೇಹಾಳ ಮನೆಯ ಫ್ರಿಜ್ಜಿನಿಂದ ಅನ್ವಿಯ ಗಿಳಿ ಆಕಾರದ ಅಯಸ್ಕಾಂತ ತಂದಿದ್ದೆ. ಅದನ್ನು ಅಲ್ಲಿ ಇಟ್ಟರೆ ಗಿಳಿ ಜಾರಿ ಕೆಳಗೆ ಬಿತ್ತು. ಕಬ್ಬಿಣದ ಮೇಲೆ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ ಎಂದು ಅರ್ಥ.

ಡಿಕ್ಕಿ ತೆರೆದೆ. ಮ್ಯಾಟ್ ಎತ್ತಿದೆ. ಸ್ಟೆಪ್ನಿ ಚಕ್ರವನ್ನು ಪಕ್ಕಕ್ಕೆ ಸರಿಸಿ ಬಗ್ಗಿ ಕೈ ಆಡಿಸಿದೆ. ಮರಳಿನಲ್ಲಿ ಹಾವು ಹೋದ ದಾರಿ ಕಾಣುವಂತೆ ಬೆಸುಗೆಯ ದಾರಿ ಬಣ್ಣದ ಕೆಳಗೂ ಕಾಣುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಕಂಡಿತು. ಹಿಂದಿನ ಸೀಟಿನ ಅಡಿಯಿಂದ ಬಂದು ಅಡ್ಡಕ್ಕೆ, ಈ ಕಡೆಯಿಂದ ಆ ಕಡೆಗೆ. ಬಣ್ಣ ಎದ್ದ ಜಾಗದಲ್ಲಿ ಒಂದು ಬದಿಯ ತಗಡು ಕೆಂಪು, ಇನ್ನೊಂದು ಬದಿಯದು ಬಿಳಿ. ಒಂದು ಕಾರಲ್ಲ ಅದು. ಎರಡು ಅಪಘಾತಗಳನ್ನು ಸೇರಿಸಿ ಹೊಲಿದದ್ದು.

ಹೇಳಲು ಬಾಯಿ ತೆರೆದಿದ್ದೆ. ನಂಬಿ, "ಬೇಡ" ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು. ಆಗ ಬೆರಳಿಗೆ ಆ ಮೂರು ಚುಕ್ಕೆ ಸಿಕ್ಕಿದವು.

ನಮ್ಮ ಮನೆತನದಲ್ಲಿ ಗುರುತು ಹಾಕದ ಕೆಲಸ ಕೈಬಿಟ್ಟು ಹೋಗಬಾರದು. ಅಜ್ಜ ಕಂಚಿನ ಪಾತ್ರೆಯ ತಳದಲ್ಲಿ, ಯಾರೂ ನೋಡದ ಕಡೆ, ಮೂರು ಚುಕ್ಕೆ ಒತ್ತುತ್ತಿದ್ದರಂತೆ. ಅಪ್ಪ ಅದನ್ನು ಕುರ್ಲಾಕ್ಕೂ ತಂದರು. ಮಡ್‌ಗಾರ್ಡಿನ ಒಳಗೆ, ಬಾಗಿಲ ಸಂದಿನಲ್ಲಿ, ಎಲ್ಲೋ ಒಂದು ಕಡೆ ಮೂರು ಚುಕ್ಕೆ. "ಹೆಸರಿಲ್ಲದ ಕೆಲಸ ಅಪ್ಪ ಯಾರೆಂದು ಗೊತ್ತಿಲ್ಲದ ಮಗು" ಎನ್ನುತ್ತಿದ್ದರು. ಚುಕ್ಕೆ ಒತ್ತುವ ಅವರ ಉಕ್ಕಿನ ಪಂಚ್ — ಬೆರಳುದ್ದದ್ದು — ತುದಿಯಲ್ಲಿ ಚೂರು ಮುಕ್ಕಾಗಿತ್ತು. ಹಾಗಾಗಿ ಅವರ ಚುಕ್ಕೆ ಗುಂಡಗೆ ಮೂಡುವುದಿಲ್ಲ, ಅಂಚು ಕಚ್ಚಿದ ಚಂದ್ರನಂತೆ ಮೂಡುತ್ತದೆ. ಆ ಪಂಚ್ ನಮ್ಮ ದೇವರ ಗೂಡಿನಲ್ಲೇ ಇತ್ತು. ವರ್ಷ ವರ್ಷ ನಾನೇ ಅದಕ್ಕೆ ಕುಂಕುಮ ಇಡುತ್ತಿದ್ದೆ.

ಮೂರೂ ಅಂಚು ಕಚ್ಚಿದ ಚಂದ್ರ.

ಯಾವಾಗ ಮಾಡಿದರು? ಯಾಕೆ? ಅವರ ಕೊನೆಗಾಲದಲ್ಲೇ ಇರಬೇಕು. ಕಣ್ಣು ಮಂಜಾಗಿದ್ದ ಕಾಲ, ಗಿರಾಕಿಗಳು ದೊಡ್ಡ ವರ್ಕ್‌ಶಾಪುಗಳಿಗೆ ಹೋಗಿಬಿಟ್ಟಿದ್ದ ಕಾಲ. ಎಷ್ಟೋ ಸಲ ಕುರ್ಲಾಕ್ಕೆ ಹೋಗಿ ಅಪ್ಪನಿಗೆ ಮೀನು ಕೊಟ್ಟು, ಕೈಕಾಲು ನೋವು ವಿಚಾರಿಸಿ ಬಂದಿದ್ದೇನೆ. ಕಷ್ಟ ಉಂಟಾ ಎಂದು ಒಮ್ಮೆಯೂ ಕೇಳಲಿಲ್ಲ. ಇನ್ನು ಕೇಳಲು ಅವರಿಲ್ಲ.

"ಎಂಥ ವಾರಿಜಾ? ಏನಾದರೂ ಉಂಟಾ?" ನೀವು ಬಾಗಿಲ ಪಕ್ಕದಿಂದ ಕೂಗಿದಿರಿ. ಬಂದು ನನ್ನ ಹೆಗಲ ಮೇಲಿಂದ ಇಣುಕಿದ್ದರೆ ನಿಮಗೂ ತಿಳಿಯುತ್ತಿತ್ತು. ಆ ಚುಕ್ಕೆಯ ಕತೆ ನಿಮಗೆ ಗೊತ್ತೇ ಇತ್ತು. ನಾನು ಸ್ಟೆಪ್ನಿಯನ್ನು ಮತ್ತೆ ಅದರ ಮೇಲೆ ಎಳೆದೆ. ಮ್ಯಾಟ್ ಮುಚ್ಚಿದೆ. ಸೆರಗಿನಿಂದ ಕೈ ಒರೆಸಿಕೊಂಡೆ.

"ಗಟ್ಟಿ ಉಂಟು, ತಗೊಳ್ಳಿ."

ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡ ಕಾರಣ ಬೇರೆ. ನಿಮ್ಮ ಮನಸ್ಸು ಮುರಿಯಬಾರದೆಂದು ಸುಳ್ಳು ಹೇಳಿದೆ, ಕಿಟಕಿಯ ಕುರ್ಚಿಯಿಂದ ನೀವು ಏಳಲಿ ಎಂದು ಹೇಳಿದೆ — ಹೀಗೆ. ಕೇಳಿದರೆ ಯಾರಾದರೂ ಒಪ್ಪುತ್ತಾರೆ, ಪತಿವ್ರತೆ ಎಂದಾರು. ಆದರೆ ನಿಜ ಅದಲ್ಲ. ಚುಕ್ಕೆ ಸಿಗುವವರೆಗೆ "ಬೇಡ" ಎನ್ನಲು ಸಿದ್ಧಳಾಗಿದ್ದೆ. ನಿಮ್ಮ ಮುಖದ ಸಂತೋಷ ಆಗಲೂ ಇತ್ತಲ್ಲ? ನಾನು ಮುಚ್ಚಿದ್ದು ಅಪ್ಪನ ಹೆಸರನ್ನು. ನಿಮ್ಮ ಕಣ್ಣಲ್ಲಿ ನಾನು ಮತ್ತೆ ಡಬ್ಬ ಬಡಿಯುವವನ ಮಗಳಾಗಬಾರದೆಂದು ಮುಚ್ಚಿದೆ. ಅದಕ್ಕಾಗಿ ನಿಮ್ಮನ್ನು ಆ ಗಾಡಿಯಲ್ಲಿ ಕೂರಿಸಿದೆ.

ಬೇರೆಯವರ ಹೆಂಡತಿ ಮಕ್ಕಳನ್ನು ಕೂರಿಸಲಾರೆ ಎಂದವರ ಮಗಳು ನಾನು.

ಆ ಮೊದಲ ಸಲ ನೀವು ಅದನ್ನು ಚೆಂಬೂರಿನ ನಮ್ಮ ಮನೆಗೆ ಓಡಿಸಿಕೊಂಡು ಬಂದ ದಾರಿ ನನಗೆ ಇನ್ನೂ ಕನಸಿನಲ್ಲಿ ಬರುತ್ತದೆ. ಪಕ್ಕದ ಲಾರಿಗಳು, ಫ್ಲೈಓವರಿನ ಜೋಡಣೆಯ ಮೇಲೆ ಚಕ್ರ ಹಾಯುವಾಗಿನ ದಡ್ ದಡ್. ಪ್ರತಿ ದಡ್‌ಗೂ ನನ್ನ ಬೆನ್ನಹುರಿ ಎರಡಾಗುತ್ತಿತ್ತು. ನಾನು ಮುಂದೆ ಕೂರಲಿಲ್ಲ. ಆ ದಿನವೂ ಇಲ್ಲ, ಆಮೇಲೆ ಒಂದು ದಿನವೂ ಇಲ್ಲ. ಹಿಂದಿನ ಸೀಟಿನಲ್ಲಿ ಸರಿಯಾಗಿ ಆ ಬೆಸುಗೆಯ ಮೇಲೆ ಕೂತು, ಚಪ್ಪಲಿ ಬಿಚ್ಚಿ, ಅಂಗಾಲನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿದ್ದೆ. ನಡುಗಿದರೆ ಗೊತ್ತಾಗಲಿ ಎಂದು. ಬಿಟ್ಟುಕೊಂಡರೆ ಮೊದಲು ನನ್ನ ಕೆಳಗೆ ಬಿಟ್ಟುಕೊಳ್ಳಲಿ ಎಂದು.

ನಿಮಗೆ ಅದು ತಮಾಷೆ. ಕನ್ನಡಿಯಲ್ಲಿ ನನ್ನನ್ನು ನೋಡಿ, "ಮೇಡಮ್, ಎಲ್ಲಿಗೆ ಬಿಡಬೇಕು? ಮೀಟರ್ ಹಾಕಲಾ?" ಎನ್ನುತ್ತಿದ್ದಿರಿ.

"ನಿಧಾನ ಹೋಗಿ, ಸಾಕು."

"ನಿಧಾನ ಹೋಗುವುದಾದರೆ ಕಂಪನಿ ಬಸ್ಸೇ ಸಾಕಿತ್ತಲ್ಲ ಮಾರಾಯ್ತಿ!"

ಬೆಳಗ್ಗೆ ಬೇಗ ಎದ್ದು ಖಾಲಿ ರಸ್ತೆಯಲ್ಲಿ ಓಡಿಸಲು ಹೋಗುತ್ತಿದ್ದಿರಿ. ನಾನು ಬಾಲ್ಕನಿಯಲ್ಲಿ ನಿಂತಿರುತ್ತಿದ್ದೆ. ಆ ಇಂಜಿನ್ನಿನ ಸದ್ದು ಬೇರೆ, ತಿರುವಿನಲ್ಲೇ ಗೊತ್ತಾಗುತ್ತಿತ್ತು. ಸದ್ದು ಕೇಳಿದ ಮೇಲೆ ಒಳಗೆ ಹೋಗಿ ಟೀಗೆ ನೀರಿಡುತ್ತಿದ್ದೆ. ತಡವಾದರೆ — ಸಿಗ್ನಲ್ಲಿನಲ್ಲಿ ನಿಂತದ್ದಿರಬಹುದು, ಪೆಟ್ರೋಲಿಗೆ ಹೋದದ್ದಿರಬಹುದು. ಗ್ರಿಲ್ಲಿನ ಸರಳು ಹಿಡಿದು ನಿಂತ ಜಾಗದಲ್ಲಿ ನನ್ನ ಅಂಗೈಗೆ ತುಕ್ಕು ಹತ್ತುತ್ತಿತ್ತು. ಫೋನು ಬಡಿದರೆ ಎತ್ತಲು ಹೆದರಿಕೆ. ನೀವು ಬಂದು ಬಿಸಿ ಬಿಸಿ ಟೀ ಕುಡಿದು, ಇವತ್ತು ಯಾವ ಪಲ್ಯ ಎಂದು ಕೇಳುತ್ತಿದ್ದಿರಿ. ಕೇಳಿ ಕೇಳಿ ಅದಕ್ಕೆ ಉಪ್ಪು ಹೆಚ್ಚು, ಇದಕ್ಕೆ ಕಾಯಿ ಕಡಿಮೆ ಎಂದು ಜಗಳ ತೆಗೆಯುತ್ತಿದ್ದಿರಿ. ನೀವು ಬದುಕಿಕೊಂಡಿರಿ. ನಾನು ಬೇಯಿಸುತ್ತ ಬೇಯಿಸುತ್ತ ಸಾಯುತ್ತಿದ್ದೆ.

ಸಾಯನ್ ಹತ್ತಿರ ಒಮ್ಮೆ ಪಂಕ್ಚರ್ ಆಯಿತಲ್ಲ. ನೀವು ಇಳಿದು ಡಿಕ್ಕಿ ತೆರೆಯುವ ಮುಂಚೆ ನಾನು ಹಾರಿಬಂದೆ. "ಭಾರ ಎತ್ತಬಾರದು ಅಂತ ಡಾಕ್ಟರ್ ಹೇಳಿದ್ದಾರೆ, ದೂರ ನಿಲ್ಲಿ" ಎಂದು ನಿಮ್ಮ ಮೇಲೆ ರೇಗಿ ನಾನೇ ಸ್ಟೆಪ್ನಿ ಎಳೆದೆ, ನಾನೇ ಜಾಕ್ ಹಾಕಿದೆ. ರಿಕ್ಷಾದವರು ನಿಂತು ನೋಡುತ್ತಿದ್ದರು. ನೀವು ಅವರಿಗೆ ಎದೆಯುಬ್ಬಿಸಿ, "ಡೆಂಟರ್ ಕೀ ಬೇಟಿ ಹೈ!" ಎಂದಿರಿ, ಡೆಂಟರನ ಮಗಳೆಂದು. ಮನೆಗೆ ಬಂದ ಮೇಲೆ, ನೀವು ಮಲಗಿದ್ದಾಗ, ಕೆಳಗೆ ಹೋಗಿ ಹಳೆಯ ಕಾಲೊರಸಿನ ಒಂದು ತುಂಡನ್ನು ಆ ಚುಕ್ಕೆಗಳ ಮೇಲೆ ಗೋಂದು ಹಚ್ಚಿ ಅಂಟಿಸಿದೆ. ಅದುವರೆಗೆ ಅದು ಬಾಯಿ ಹೇಳಿದ ಸುಳ್ಳು. ಅಂದು ಕೈಯೂ ಸೇರಿತು.

ಆಯುಧಪೂಜೆಯ ದಿನ ನೀವು ದೇವರ ಗೂಡಿನಿಂದ ಅಪ್ಪನ ಪಂಚನ್ನು ತೆಗೆದುಕೊಂಡು ಕೆಳಗಿಳಿದಿರಿ. ಕಾರಿಗೆ ಚೆಂಡುಹೂವಿನ ಮಾಲೆ ಹಾಕಿ, ಬಾನೆಟ್ಟಿನ ಮೇಲೆ ಪಂಚ್ ಇಟ್ಟು, ಎರಡಕ್ಕೂ ಒಂದೇ ಬೆರಳಿನಲ್ಲಿ ಕುಂಕುಮ ಹಚ್ಚಿದಿರಿ. ಮತ್ತೆ ಅದನ್ನು ಮೇಲೆ ತರಲಿಲ್ಲ. ಮುಂದಿನ ಸೀಟಿನೆದುರಿನ ಖಾನೆಯಲ್ಲಿ ಇಟ್ಟಿರಿ. "ಮಾವ ಜೊತೆಗೇ ಇರಲಿ. ಕಾಯುತ್ತಾರೆ" ಎಂದಿರಿ. ಆರತಿ ಎತ್ತದೆ ನಿಂತಿದ್ದ ನನ್ನ ಕೈಯಿಂದ ಸ್ನೇಹಾ ತಟ್ಟೆ ತೆಗೆದುಕೊಂಡಳು. ಭಾವುಕಳಾದೆ ಎಂದುಕೊಂಡಳು.

ಅವಳೂ ಅನ್ವಿಯೂ ಎಷ್ಟು ಸಲ ಆ ಹಿಂದಿನ ಸೀಟಿನಲ್ಲಿ ಕೂತಿದ್ದಾರೆ. ಮಳೆಗಾಲದಲ್ಲಿ ಖಂಡಾಲಾ ಘಾಟಿ ಹತ್ತಿದ ದಿನ ಅನ್ವಿ ನನ್ನ ತೊಡೆಯ ಮೇಲಿದ್ದಳು, ಪ್ರತಿ ತಿರುವಿಗೂ "ಅಜ್ಜಾ, ಔರ್ ಫಾಸ್ಟ್!" ಎಂದು ಕಿರುಚುತ್ತ. ಅವಳನ್ನು ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಇಳಿದ ಮೇಲೆ ಅವಳ ತೋಳಿನ ಮೇಲೆ ನನ್ನ ಬಳೆಯ ಗುರುತು ಮೂಡಿತ್ತು. ಅಷ್ಟು ಹೆದರಿಕೆ ಇದ್ದವಳು ಒಂದು ಮಾತು ಹೇಳಬಹುದಿತ್ತು. ಮಗುವನ್ನು ಹಿಡಿಯುವ ಬದಲು —

ನೀವು ಆ ಗಾಡಿಯಲ್ಲಿ ಹೋಗಲಿಲ್ಲ. ಕಿಟಕಿಯ ಕುರ್ಚಿಯಲ್ಲಿ, ಮಧ್ಯಾಹ್ನದ ಊಟವಾಗಿ, ಕೈಯಲ್ಲಿ ಕಾರಿನ ಚಾವಿ ಹಿಡಿದುಕೊಂಡೇ ಹೋದಿರಿ. ಹೃದಯ ನಿಂತಿತು ಎಂದರು ಡಾಕ್ಟರು. ನಿಮ್ಮ ಬೆರಳು ಬಿಡಿಸಿ ಚಾವಿ ತೆಗೆದವಳು ನಾನು. ಆಗ ನನ್ನ ಒಳಗೆ ಮೊದಲು ಬಂದ ಯೋಚನೆ ಯಾವುದು ಗೊತ್ತೇ? ಅದನ್ನೂ ಬರೆದುಬಿಡುತ್ತೇನೆ. ಅಳುವಿಗೂ ಮುಂಚೆ ಬಂದದ್ದು: ಸದ್ಯ, ಕಾರಿನಲ್ಲಿ ಆಗಲಿಲ್ಲ. ನೀವು ಸತ್ತ ಕ್ಷಣದಲ್ಲಿ ನನಗೆ ಸಮಾಧಾನವಾಯಿತು. ಈ ಒಂದು ವರ್ಷ ಆ ಸಮಾಧಾನವನ್ನು ಮಡಿಲಲ್ಲಿ ಕಟ್ಟಿಕೊಂಡೇ ಅತ್ತಿದ್ದೇನೆ.

ಇಲ್ಲಿಯವರೆಗೆ ಬರೆದು ಮುಚ್ಚಿಟ್ಟಿದ್ದೆ. ಉಳಿದದ್ದನ್ನು ಇಂದು ಬರೆಯುತ್ತಿದ್ದೇನೆ.

ನಿನ್ನೆ ಸ್ನೇಹಾ ಬಂದಳು. ಪ್ರಯಾಣಕ್ಕೆ ಮೊದಲು ಗಾಡಿಯನ್ನು ತೊಳೆಸಿ, ಗಾಳಿ ಹಾಕಿಸಿ ಇಡುತ್ತೇನೆ ಎಂದಳು. ಅನ್ವಿ ಬಂದಿರಲಿಲ್ಲ. "ಅಮ್ಮ, ಚಾವಿ?" ಎಂದು ಕೈ ಚಾಚಿದಳು. ನಿಮ್ಮದೇ ಕೈ ಅದು, ಹೆಬ್ಬೆರಳು ಹಾಗೇ ಹೊರಕ್ಕೆ ಬಾಗಿದ್ದು. ನಾನು ಚಾವಿ ಕೊಡಲಿಲ್ಲ. "ಬಾ, ಕೆಳಗೆ ಹೋಗುವ" ಎಂದೆ. ಬ್ಯಾಟರಿ ಟಾರ್ಚು ಹಿಡಿದುಕೊಂಡೆ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡೇ ಇಳಿದೆ.

"ಆರಾಮ್ ಸೇ ಅಮ್ಮ, ಏನಾಯ್ತು? ಬಿಪಿಯಾ?" ಎಂದು ನನ್ನ ತೋಳು ಹಿಡಿದಳು. ಆ ಹಿಡಿತ ಇನ್ನು ಸ್ವಲ್ಪ ಹೊತ್ತು ಮಾತ್ರ ಎಂದು ನನಗೆ ಗೊತ್ತಿತ್ತು.

ಖಾನೆಯಿಂದ ಅಪ್ಪನ ಪಂಚ್ ತೆಗೆದುಕೊಂಡೆ. ಡಿಕ್ಕಿ ತೆರೆದೆ. ಮ್ಯಾಟ್ ಎತ್ತಿ, ಸ್ಟೆಪ್ನಿ ಹೊರಗೆಳೆದು, ನಾನೇ ಅಂಟಿಸಿದ ಕಾಲೊರಸಿನ ತುಂಡನ್ನು ಕಿತ್ತೆ. ಅವಳ ಬೆರಳು ಹಿಡಿದು ಚುಕ್ಕೆಗಳ ಮೇಲೆ ಇಟ್ಟೆ. ಎಲ್ಲ ಹೇಳಿದೆ. ಅವಳಿಗೆ ಅರ್ಥವಾಗಬೇಕೆಂದು ಸಣ್ಣ ಸಣ್ಣ ಮಾತಿನಲ್ಲಿ, ನಡುವೆ ಹಿಂದಿ ಸೇರಿಸಿ. ಎರಡು ಗಾಡಿ. ಮಧ್ಯದಲ್ಲಿ ಜೋಡಣೆ. ಮಾಡಿದವರು ನಿನ್ನ ಅಜ್ಜ. ನನಗೆ ಮೊದಲ ದಿನವೇ ಗೊತ್ತಿತ್ತು. ಪಪ್ಪನಿಗೆ ಹೇಳಲಿಲ್ಲ.

ಅವಳು ನಂಬಲಿಲ್ಲ. "ಅಜ್ಜ ಹಾಗೆ ಮಾಡ್ಲಿಕ್ಕೇ ಇಲ್ಲ. ಪಪ್ಪ ಹೇಳ್ತಿದ್ರಲ್ಲ ಆ ಸ್ಟೋರಿ, ಹ್ಯಾಮರ್ ಬಿಸಾಡಿದ್ದು..." ಎಂದಳು.

ನಾನು ಪಂಚಿನ ತುದಿಯನ್ನು ಮೊದಲ ಚುಕ್ಕೆಯಲ್ಲಿ ಇಟ್ಟೆ. ಬೀಗದಲ್ಲಿ ಬೀಗದಕೈ ಕೂರುವಂತೆ ಕೂತಿತು. ಎರಡನೆಯದರಲ್ಲೂ ಕೂತಿತು. ಮೂರನೆಯದರಲ್ಲಿ ಕೂರಲಿಲ್ಲ. ಟಾರ್ಚು ಹತ್ತಿರ ಹಿಡಿದೆ. ಬೆಸುಗೆಯ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು ಓಡಿತ್ತು, ಅಂಚಿನಲ್ಲಿ ತುಕ್ಕು. ಗೋರೆಗಾಂವಿನಲ್ಲಿ ನೋಡಿದಾಗ ಅದು ಇರಲಿಲ್ಲ. ನಾವು ಓಡಾಡಿದ ಈ ಕಾಲದಲ್ಲಿ, ನನ್ನ ಅಂಗಾಲಿನ ಕೆಳಗೇ, ಸದ್ದಿಲ್ಲದೆ ಬಾಯಿ ಬಿಟ್ಟಿದೆ. ಮೂರನೆಯ ಚುಕ್ಕೆ ಎರಡು ಹೋಳಾಗಿತ್ತು. ಪಂಚ್ ಒತ್ತಿದಾಗ ಆ ಹೋಳು ಅಲುಗಿತು.

ಸ್ನೇಹಾ ಬೆರಳು ಹಿಂದಕ್ಕೆ ಎಳೆದುಕೊಂಡಳು.

ಪಕ್ಕದಲ್ಲಿ ವಾಚ್‌ಮನ್ ಯಾರದೋ ಸ್ಕೂಟರು ಒರೆಸುತ್ತಿದ್ದ. ಆಮೇಲೆ ಅವಳು ಕೇಳಿದ್ದು ಪಪ್ಪನ ಬಗ್ಗೆ ಅಲ್ಲ, ಅಜ್ಜನ ಬಗ್ಗೆಯೂ ಅಲ್ಲ.

"ಖಂಡಾಲಾಕ್ಕೆ ಹೋದಾಗ ಅನ್ವಿ ಹಿಂದೆ ಕೂತಿದ್ಲು ಅಮ್ಮ. ಆಗ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

ಪಪ್ಪನ ಮನಸ್ಸು, ಪಪ್ಪನ ಎದೆ, ಪಪ್ಪನ ಕುರ್ಚಿ — ಹೇಳಲು ಎಲ್ಲ ಸಿದ್ಧವಾಗಿತ್ತು. ಅದ್ಯಾವುದನ್ನೂ ಹೇಳಲಿಲ್ಲ. ಸ್ಟೆಪ್ನಿಯನ್ನು ಒಳಗಿಡಲೂ ಇಲ್ಲ. ಅದು ಹೊರಗೇ ಬಿದ್ದಿರಲಿ ಎಂದುಕೊಂಡೆ.

ಮೇಲೆ ಬಂದ ಮೇಲೆ ಟೀ ಮಾಡಿಕೊಟ್ಟೆ. ಅವಳು ಲೋಟವನ್ನು ಮುಂದಿಟ್ಟುಕೊಂಡು ಫೋನಿನಲ್ಲಿ ರೈಲಿನ ಟಿಕೆಟ್ಟು ಹುಡುಕಿದಳು. ಟೀ ಆರಿತು. ಕುಡಿಯಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಮಾರಬೇಡ. ಬೇರೆ ಯಾರಿಗೂ ಮಾರಬೇಡ" ಎಂದಳು. ನನಗೆ ಅದನ್ನು ಹೇಳಿಕೊಡಬೇಕಾಯಿತಲ್ಲ ಎಂದು ನನಗಿಂತ ಅವಳಿಗೇ ನಾಚಿಕೆಯಾದಂತೆ ಕಂಡಿತು.

ಮಾರುವುದಿಲ್ಲ. ಗುಜರಿಯವನಿಗೆ ಹೇಳಿಯಾಗಿದೆ. ಅವನು ಕೊಯ್ಯುವಾಗ ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಇಂಜಿನ್ನು ಒಂದು ಕಡೆಗೆ, ಹಿಂಭಾಗ ಇನ್ನೊಂದು ಕಡೆಗೆ ಹೋಗುವವರೆಗೆ. ಮತ್ತೆ ಯಾರೂ ಅವನ್ನು ಸೇರಿಸಬಾರದು.

ಕಾರ್ಕಳದಲ್ಲಿ ನಿಮ್ಮ ಫೋಟೋದ ಮುಂದೆ ಎಲೆ ಹಾಕಿದಾಗ ಯಾರಾದರೂ ಆ ಕತೆ ತೆಗೆದೇ ತೆಗೆಯುತ್ತಾರೆ. ಮಾವನ ಸುತ್ತಿಗೆಯ ಕತೆ ನೀವು ಎಷ್ಟು ಚೆನ್ನಾಗಿ ಹೇಳುತ್ತಿದ್ದಿರಿ ಎನ್ನುತ್ತಾರೆ. ನಿಮ್ಮ ತಮ್ಮಂದಿರು, ಅವರ ಮಕ್ಕಳು, ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಅದನ್ನು ನೆನೆದು ಬರೆದ ಈ ಅಕ್ಷರಗಳನ್ನು ನೋಡಿ, ಹೇಗೆ ವಾರೆಯಾಗಿವೆ. ಆದರೂ ಆ ಕತೆಯ ಉಳಿದರ್ಧವನ್ನು ಅಲ್ಲಿ ಹೇಳುತ್ತೇನೆ. ಅಪ್ಪ ತಪ್ಪು ಮಾಡಿದರು. ಮಾಡಿ, ಅದರ ಮೇಲೂ ತಮ್ಮ ಗುರುತು ಒತ್ತಿ ಹೋದರು. ಅವರ ಕೆಲಸವೆಂದು ನಾನು ಗುರುತಿಸಿದ್ದು ಅದರಿಂದಲೇ. ನನ್ನ ತಪ್ಪಿನ ಮೇಲೆ ಗುರುತು ಇರಲಿಲ್ಲ. ಇನ್ನು ಇರಲಿ.

ರೈಲಿನ ಟಿಕೆಟ್ಟು ಆಗಿದೆ. ಒಂದೇ ಡಬ್ಬಿಯಲ್ಲಿ ಎಲ್ಲರ ಬರ್ತ್. ಅನ್ವಿಗೆ ಯಾವಾಗಲೂ ನನ್ನ ಪಕ್ಕದಲ್ಲೇ ಮಲಗಬೇಕು. ಈ ಸಲ ಸ್ನೇಹಾ ಅವಳನ್ನು ನನ್ನ ಬಳಿ ಬಿಡುತ್ತಾಳೋ ಇಲ್ಲವೋ ಗೊತ್ತಿಲ್ಲ. ನಾನಾಗಿ ಕೇಳುವುದಿಲ್ಲ.